ಮೊದಲ ಕೈ

"ಡಾಕ್ಟ್ರೇ, ಒಂದ್ನಿಮಿಷ ಕೈ ಚಾಚ್ತೀರಾ?" ಎಂದರು ವೆಂಕಟರಮಣಪ್ಪ.

ಮೇಜಿನಾಚೆ ಕೂತಿದ್ದ ಡಾಕ್ಟರ್ ಮನೋಹರ್ ಆಪರೇಷನ್ನಿನ ವಿಷಯ ಆಗಷ್ಟೇ ಹೇಳಿ ಮುಗಿಸಿದ್ದರು. ತಲೆ ನರೆತ, ಮಾತಿಗೊಮ್ಮೆ ನಗುವ ಮನುಷ್ಯ. ಯಾಕೆಂದು ಕೇಳದೆ ಬಲಗೈ ಚಾಚಿದರು. ವೆಂಕಟರಮಣಪ್ಪ ಅಂಗಿಯ ಜೇಬಿನಿಂದ ಪೇಪರಿನ ಪೊಟ್ಟಣ ತೆಗೆದು, ಬಿಚ್ಚಿ, ಒಂದು ಹಿಡಿಯಷ್ಟು ಬೀಜವನ್ನು ಆ ಅಂಗೈಗೆ ಸುರಿದರು.

"ಮುಷ್ಟಿ ಮುಚ್ಚಿ ಹಿಡ್ಕೊಳ್ಳಿ. ಹಾಂ, ಹಂಗೆ."

ಡಾಕ್ಟರು ಹಿಡಿದುಕೊಂಡರು. ಮಗಳು ದಿವ್ಯ ತಲೆ ಎತ್ತಿ ಫ್ಯಾನು ನೋಡತೊಡಗಿದಳು. ಹೆಂಡತಿ ಅಕ್ಕಯಮ್ಮ ಮಾತ್ರ ಮಂಗಳಾರತಿಯ ಹೊತ್ತಿನಲ್ಲಿರುವ ಹಾಗೆ ಸೆರಗು ಹೊದ್ದು ನೆಟ್ಟಗೆ ಕೂತರು.

"ಏನಿದು?"

"ಅವರೆ ಬೀಜ. ನಮ್ ಹೊಲದ್ದೇ."

"ಓ, ನನಗಾ? ಥ್ಯಾಂಕ್ಸ್ ಯಜಮಾನ್ರೇ."

"ಇಲ್ಲ ಡಾಕ್ಟ್ರೇ, ವಾಪಸ್ ಕೊಡ್ಬೇಕು."

ವಾಪಸ್ ಬಂದ ಬೀಜವನ್ನು ಒಂದೂ ಕೆಳಗೆ ಬೀಳದ ಹಾಗೆ ಪೊಟ್ಟಣ ಕಟ್ಟಿ ಎಡಗಡೆಯ ಜೇಬಿಗೆ ಹಾಕಿಕೊಂಡು, ಮನೆಯಲ್ಲಿ ಮಾತಾಡಿ ತಿಳಿಸುತ್ತೇವೆ ಎಂದು ಕೈ ಮುಗಿದು ಅವರು ಎದ್ದರು. ಯಲಹಂಕದ ಆ ಆಸ್ಪತ್ರೆಯ ಮೆಟ್ಟಿಲಿಳಿಯುವವರೆಗೂ ಬಾಯಿ ಬಿಗಿಹಿಡಿದಿದ್ದ ದಿವ್ಯ ಕಾರಿನ ಬಾಗಿಲು ಹಾಕಿಕೊಂಡ ಮೇಲೆ ಕೇಳಿದಳು.

"ಏನಪ್ಪ ಅದು? ಅವ್ರು ಏನಂದ್ಕೊಂಡ್ರೋ."

"ಹೊಟ್ಟೆ ಕೊಯ್ಯೋನ ಕೈ ಹೆಂಗೈತೆ ಅಂತ ನೋಡೋದು ಬೇಡ್ವಾ?" ಎಂದರು ವೆಂಕಟರಮಣಪ್ಪ.

ಇದು ಅರ್ಥವಾಗಬೇಕಾದರೆ ಕೈಗುಣದ ವಿಷಯ ಹೇಳಬೇಕು. ಸಾಸಲಿನ ಆಚೆಗಿರುವ ಅವರ ಊರಲ್ಲಿ ಯಾರು ತೆಂಗಿನ ಸಸಿ ನೆಟ್ಟರೂ, ಯಾರು ರೇಷ್ಮೆ ಹುಳು ತಂದರೂ ಮೊದಲ ಕೈ ವೆಂಕಟರಮಣಪ್ಪನವರದೇ ಆಗಬೇಕು. ಚಾಕಿ ಕೇಂದ್ರದಿಂದ ಎಳೆ ಹುಳು ಬಂದ ದಿನ ಅವರಿಗೆ ಕರೆ ಬರುತ್ತದೆ. ಹೋಗಿ, ಕಣ್ಣು ಮುಚ್ಚಿ, ಕತ್ತರಿಸಿದ ಹಿಪ್ಪುನೇರಳೆ ಸೊಪ್ಪನ್ನು ಒಂದು ಹಿಡಿ ಹುಳುವಿನ ಮೇಲೆ ಉದುರಿಸಿ, ಕಾಫಿ ಕುಡಿದು ಬರುತ್ತಾರೆ. ಅಷ್ಟಾದರೆ ಸಾಕು, ಮಿಕ್ಕ ದಿನ ಯಾರು ಬೇಕಾದರೂ ಮೇಯಿಸಬಹುದು, ಹುಳು ರೋಗವಿಲ್ಲದೆ ಗೂಡು ಕಟ್ಟುತ್ತದೆ ಎಂದು ಊರಿನ ನಂಬಿಕೆ. ಬೆಳೆ ಕೈಕೊಟ್ಟ ವರ್ಷಗಳೂ ಇದ್ದವು. ಆಗ ಜನ ಬಿಸಿಲನ್ನು ಬಯ್ದರು, ಸೊಪ್ಪನ್ನು ಬಯ್ದರು, ಮೊಟ್ಟೆ ಕೊಟ್ಟ ಇಲಾಖೆಯವರನ್ನು ಬಯ್ದರು. ವೆಂಕಟರಮಣಪ್ಪನವರ ಕೈಯನ್ನು ಒಬ್ಬರೂ ಬಯ್ಯಲಿಲ್ಲ. ಇಂಥ ಮರ್ಯಾದೆ ಮಂತ್ರಿಗಳಿಗೂ ಸಿಗುವುದಿಲ್ಲ.

ಆ ಮರ್ಯಾದೆಯ ಮನುಷ್ಯನಿಗೆ ರಾತ್ರಿ ನಾಲ್ಕೈದು ಸಲ ಎದ್ದು ಹಿತ್ತಿಲಿಗೆ ಹೋಗುವಂತಾದಾಗ, ವಯಸ್ಸಾಯಿತು ಎಂದು ಎಲ್ಲರೂ ಸುಮ್ಮನಿದ್ದರು. ಸುಮ್ಮನಿರದವಳು ದಿವ್ಯ. ನೆಲಮಂಗಲದ ಗಂಡನ ಮನೆಯಿಂದ ಬಂದು, ಅಪ್ಪನನ್ನು ಎಳೆದುಕೊಂಡು ಹೋಗಿ ರಕ್ತ ಕೊಡಿಸಿದಳು. ಒಂದು ಪರೀಕ್ಷೆ ಇನ್ನೊಂದಕ್ಕೆ ಕರೆದೊಯ್ದು, ಕೊನೆಗೆ ಸೂಜಿ ಹಾಕಿ ಚೂರು ತೆಗೆದು ನೋಡಿದಾಗ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರು ಎಂದು ಗೊತ್ತಾಯಿತು. ಗ್ರಂಥಿಯ ಒಳಗೇ ಇದೆ, ಹೊರಗೆ ಹಬ್ಬಿಲ್ಲ, ಈಗ ತೆಗೆಸಿಬಿಟ್ಟರೆ ಒಳ್ಳೆಯದು ಎಂದು ನೋಡಿದವರೆಲ್ಲ ಒಂದೇ ಮಾತು ಹೇಳಿದರು. ಸೂಜಿಯ ಗಾಯ ಮಾಯಲು ಒಂದೂವರೆ ತಿಂಗಳು ಬಿಡಬೇಕು. ಅಷ್ಟರೊಳಗೆ ಯಾರಿಂದ ಮಾಡಿಸುವುದು, ಯಾವ ದಿನ ಮಾಡಿಸುವುದು ಎಂದು ಗೊತ್ತು ಮಾಡಿಕೊಳ್ಳಬೇಕು. ತುಂಬ ತಡ ಮಾಡುವ ಹಾಗೂ ಇಲ್ಲ. ಎರಡು ಹೆಸರು ಸಿಕ್ಕಿದ್ದವು. ಒಂದು, ಕತ್ತಿ ಹಿಡಿದು ಕೂದಲು ನರೆಸಿಕೊಂಡ ಈ ಮನೋಹರ್. ಇನ್ನೊಂದು, ಹೆಬ್ಬಾಳದ ಆಸ್ಪತ್ರೆಯ ಡಾಕ್ಟರ್ ಅಂಜನ್.

ಅಂಜನ್‌ಗೆ ನಲವತ್ತು ದಾಟಿರಲಿಲ್ಲ. ನಗುವುದು ಕಡಿಮೆ. ಬೀಜದ ಮಾತೆತ್ತಿದ ಕೂಡಲೇ ಗೋಡೆಯ ಮೇಲಿದ್ದ ಬಾಟಲಿ ಒತ್ತಿ ಎರಡೂ ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು, ಬೀಜವನ್ನು ಹಿಡಿದು, ವಾಪಸ್ ಕೊಟ್ಟು, ಮತ್ತೊಮ್ಮೆ ಬಾಟಲಿ ಒತ್ತಿದರು. ವೆಂಕಟರಮಣಪ್ಪನವರಿಗೆ ಅದು ಅಷ್ಟು ಸರಿಬರಲಿಲ್ಲ.

"ಇದು ರೋಬೋ ಆಪರೇಷನ್. ಹೊಟ್ಟೆ ಮೇಲೆ ಸಣ್ಣ ಸಣ್ಣ ತೂತು ಮಾಡ್ತೀವಿ, ಅದರೊಳಗೆ ಮಿಷನ್ನಿನ ಕೈ ಹೋಗುತ್ತೆ. ನಾನು ಅದೇ ರೂಮಿನ ಮೂಲೇಲಿ ಕೂತು ನಡೆಸ್ತೀನಿ," ಎಂದರು ಅಂಜನ್.

"ಮೂಲೇಲಾ?"

"ಹೌದು."

"ಹಂಗಾದ್ರೆ ನಿಮ್ಮ ಕೈ ನಂಗೆ ತಾಗಲ್ವಾ?"

"ಒಳಗಡೆ ತಾಗಲ್ಲ."

ವೆಂಕಟರಮಣಪ್ಪ ಹೆಂಡತಿಯ ಮುಖ ನೋಡಿದರು. ಕೈಯೇ ತಾಗದ ಮೇಲೆ ಕೈಗುಣ ಎಲ್ಲಿಂದ ಬರಬೇಕು?

ಡಾಕ್ಟರು ನಿಲ್ಲಿಸಲಿಲ್ಲ. ಆಪರೇಷನ್ ಆದ ಮೇಲೆ ಒಂದೆರಡು ವಾರ ಮೂತ್ರ ಹೋಗಲು ಕೊಳವೆ ಇರುತ್ತದೆ, ಆಮೇಲೆ ಕೆಲವು ತಿಂಗಳು ಮೂತ್ರ ಹಿಡಿತಕ್ಕೆ ಸಿಗದೆ ಹೋಗಬಹುದು, ಪ್ಯಾಡ್ ಕಟ್ಟಿಕೊಳ್ಳಬೇಕಾಗಬಹುದು ಎಂದರು. "ಗಂಡ ಹೆಂಡತಿ ವಿಷಯಾನೂ ಮೊದಲಿನ ಹಾಗೇ ಇರುತ್ತೆ ಅಂತ ಹೇಳಕ್ಕಾಗಲ್ಲ," ಎಂದೂ ಸೇರಿಸಿದರು. ದಿವ್ಯಳಿಗೆ ಥಟ್ಟನೆ ಕಾರನ್ನು ಸರಿಯಾಗಿ ನಿಲ್ಲಿಸಿದೆನೋ ಇಲ್ಲವೋ ಎಂಬ ಅನುಮಾನ ಬಂತು, ಎದ್ದು ಹೋದಳು.

"ಅದೇನೂ ಪರ್ವಾಗಿಲ್ಲ ಡಾಕ್ಟ್ರೇ. ಮನುಷ್ಯ ಉಳೀತಾರಾ, ಅದೇಳಿ," ಎಂದರು ಅಕ್ಕಯಮ್ಮ.

"ಎಲ್ಲಾನೂ ನೀನೇ ಬಿಟ್ಕೊಟ್ಬಿಡು," ಎಂದು ವೆಂಕಟರಮಣಪ್ಪ ಗೊಣಗಿದರು.

"ಉಳೀತಾರೆ ಅನ್ನೋಕೆ ಎಲ್ಲ ಕಾರಣಾನೂ ಇದೆ. ಆದರೆ ಗ್ಯಾರಂಟಿ ಅಂತ ನಾನು ಬರೆದುಕೊಡಲ್ಲ," ಎಂದರು ಅಂಜನ್. ಮನೋಹರ್ ಇಷ್ಟೆಲ್ಲ ಹೇಳಿರಲಿಲ್ಲ. ಏನೂ ಆಗುವುದಿಲ್ಲ, ಎಲ್ಲ ನನಗೆ ಬಿಡಿ ಎಂದು ಭುಜ ತಟ್ಟಿದ್ದರು. ಆ ತಟ್ಟಿದ ಜಾಗ ಇನ್ನೂ ಬೆಚ್ಚಗಿದೆ ಎಂದು ವೆಂಕಟರಮಣಪ್ಪನವರಿಗೆ ಅನ್ನಿಸಿತು.

ಮಾರನೆಯ ಬೆಳಿಗ್ಗೆ ಎರಡು ಪೊಟ್ಟಣವೂ ಹೊರಗೆ ಬಂದವು. ಹುಳು ಮೇಯಿಸುವ ಮನೆಯ ಹಿಂದುಗಡೆ, ಬಾಗಿಲ ಆಚೆಗೊಂದು ಈಚೆಗೊಂದು ಸಾಲು ಕೆದರಿ, ಎಡಗಡೆಯ ಸಾಲಿಗೆ ಮನೋಹರ್ ಹಿಡಿದ ಬೀಜ, ಬಲಗಡೆಯದಕ್ಕೆ ಅಂಜನ್ ಹಿಡಿದ ಬೀಜ ಹಾಕಿದರು. ಗುರುತಿಗೆ ಮನೋಹರ್ ಸಾಲಿನ ತಲೆಯಲ್ಲಿ ಒಂದು ಗುಂಡುಕಲ್ಲು, ಅಂಜನ್ ಸಾಲಿನ ತಲೆಯಲ್ಲಿ ಒಂದು ತೆಂಗಿನ ಚಿಪ್ಪು. ಪಕ್ಕದ ಮನೆಯ ಬೈರಣ್ಣ ಬೇಲಿಯ ಮೇಲಿಂದ ಇದನ್ನು ಕಣ್ತುಂಬ ನೋಡಿದ. ಊರಿಗೆಲ್ಲ ತಮಗೆ ಮೂತ್ರದ ತೊಂದರೆ ಎಂದಷ್ಟೇ ಹೇಳಿದ್ದರು. ನಿಜ ಗೊತ್ತಿದ್ದವನು ಬೈರಣ್ಣ ಒಬ್ಬ. ಅವನಿಗೆ ಸ್ವಂತದ್ದಾದ ಯಾವ ರೋಗವೂ ಇರಲಿಲ್ಲವಾದರೂ ಬೇರೆಯವರ ಆಪರೇಷನ್ನಿನ ವಿಚಾರ ಬಂದರೆ ಊಟ ಬಿಟ್ಟು ಕೇಳುತ್ತಿದ್ದ.

"ಅಣ್ಣ, ನಾನು ಕಲ್ಲಿನ ಪಾರ್ಟಿ," ಎಂದ.

"ಎಲೆಕ್ಷನ್ನೇನೋ ಇದು?"

"ಅಲ್ಲ, ಮಿಷನ್ ಅಂದ್ರೆ ಕರೆಂಟು. ಮಧ್ಯದಲ್ಲಿ ಕರೆಂಟ್ ಹೋದ್ರೆ? ನಮ್ ಬೋರ್‌ವೆಲ್ ಮೋಟ್ರು ನಿಂತಂಗೆ ನಿಂತ್ಬಿಟ್ರೆ?" ವೆಂಕಟರಮಣಪ್ಪನವರ ಮುಖ ಕಂಡು ಬೈರಣ್ಣ ಮಾತು ತಿರುಗಿಸಿದ. "ಅದಿರ್ಲಿ, ಆಷಾಢದ ಕೊನೇಲಿ ನಮ್ಮನೆಗೆ ಚಾಕಿ ಬರ್ತದೆ. ನೀನೇ ಬಂದು ಸೊಪ್ಪು ಹಾಕ್ಬೇಕು."

"ನೋಡಾನ."

"ನೋಡಾನ ಅಂದ್ರೆ? ಮೊನ್ನೆ ಮೇಲಿನ ಮನೆಯೋರು ಕರೆದಾಗ್ಲೂ ಮಂಡಿ ನೋವು ಅಂದ್ಯಂತೆ. ಸೊಪ್ಪು ಹಾಕೋದು ಕೈಯಲ್ಲಿ ಅಲ್ವಾ?"

ವೆಂಕಟರಮಣಪ್ಪ ಬಗ್ಗಿ ಮಣ್ಣು ಮುಚ್ಚಿದರು. ರಿಪೋರ್ಟು ಬಂದ ಮೇಲೆ ಅವರು ಯಾರ ಮನೆಗೂ ಮೊದಲ ಕೈ ಹಾಕಲು ಹೋಗಿರಲಿಲ್ಲ.

ದಿವ್ಯ ಚಿಪ್ಪಿನ ಪಾರ್ಟಿ. ಸೋಂಪುರದ ಫ್ಯಾಕ್ಟರಿಯೊಂದರಲ್ಲಿ ತಯಾರಾದ ಬಿಡಿಭಾಗಗಳನ್ನು ಪರೀಕ್ಷಿಸುವುದು ಅವಳ ಕೆಲಸ. ಅಲ್ಲಿ ಬೆಸುಗೆ ಹಾಕುವುದು ಒಂದು ಹಳದಿ ಬಣ್ಣದ ರೋಬೋ ತೋಳು. ಅದರ ವಿಡಿಯೋ ತಂದು ಅಪ್ಪನಿಗೆ ತೋರಿಸಿದಳು.

"ನೋಡಪ್ಪ, ಬೆಳಗ್ಗಿಂದ ಸಂಜೆವರೆಗೂ ಒಂದೇ ಥರ ಮಾಡತ್ತೆ. ಒಂದ್ಸಲಾನೂ ನಡುಗಲ್ಲ. ಆಸ್ಪತ್ರೇದು ಇದರಷ್ಟೂ ತಾನಾಗೇ ಮಾಡಲ್ಲ, ಡಾಕ್ಟ್ರು ಹೇಳಿದಂಗೆ ಕೇಳತ್ತೆ. ರಕ್ತ ಕಮ್ಮಿ ಹೋಗತ್ತೆ, ಬೇಗ ಎದ್ದು ಓಡಾಡ್ತೀಯ."

"ಅದಕ್ಕೆ ಹೆದರಿಕೆ ಇಲ್ವಲ್ಲ ಮಗಾ. ಹೆದರಿಕೆ ಇಲ್ದೇ ಇರೋದು ನನ್ನ ಹೊಟ್ಟೆ ಒಳಕ್ಕೆ ಕೈ ಹಾಕೋದು ಬೇಡ."

ವಾರ ಕಳೆಯುವ ಹೊತ್ತಿಗೆ ಕಲ್ಲಿನ ಸಾಲಿನಲ್ಲಿ ಮಣ್ಣು ಬಿರಿಯಿತು. ಇನ್ನೆರಡು ದಿನಕ್ಕೆ ಮೊಳಕೆಗಳು ಕತ್ತು ಬಗ್ಗಿಸಿಕೊಂಡು ಒಂದರ ಹಿಂದೊಂದು ಎದ್ದವು. ಚಿಪ್ಪಿನ ಸಾಲಿನಲ್ಲಿ ಒಂದು ಹುಲ್ಲೂ ಹುಟ್ಟಲಿಲ್ಲ. ವೆಂಕಟರಮಣಪ್ಪ ಮೂರು ದಿನ ಕಾದರು, ನೀರು ಹಾಕಿದರು, ಮತ್ತೆ ಕಾದರು. ಆಮೇಲೆ ಮಗಳಿಗೆ ಫೋನು ಮಾಡಿ, "ಯಲಹಂಕದೋರ್ನೇ ಗಟ್ಟಿ ಮಾಡು. ಚಿಪ್ಪಿನ ಕಡೇದು ಒಂದೂ ಹುಟ್ಟಿಲ್ಲ," ಎಂದರು. ಭಾನುವಾರ ಬರುತ್ತೇನೆ ಎಂದಷ್ಟೇ ಅಂದು ದಿವ್ಯ ಫೋನು ಇಟ್ಟಳು. ಅಳು ಬಂದಿತ್ತೇನೋ.

ಫೋನಿನ ಮಾತನ್ನು ಕೇಳಿಸಿಕೊಂಡ ಅಕ್ಕಯಮ್ಮ ಮಂಕರಿ ಕೆಳಗಿಟ್ಟು ಹಿತ್ತಿಲಿಗೆ ಬಂದರು. ಎರಡೂ ಸಾಲು ನೋಡಿದರು.

"ಬೀಜ ಹಿಡಿದಿದ್ದು ಡಾಕ್ಟ್ರು. ಸರಿ. ಬಿತ್ತಿದ್ದು ಯಾರು?"

"ನಾನು."

"ಮನೆಮನೆಗೆ ಹೋಗಿ ಸಸಿ ನೆಟ್ಟು ಬರ್ತೀರಲ್ಲ, ಅದು ಬಂದ್ರೆ ಯಾರ ಕೈಗುಣ ಅಂತಾರೆ? ಸಸಿ ತಂದು ಕೊಟ್ಟೋನದ್ದಾ, ನೆಟ್ಟೋರದ್ದಾ?"

"ನೆಟ್ಟೋರದ್ದು."

"ಹಂಗಾದ್ರೆ ಈ ಸಾಲು ಹುಟ್ಟದೆ ಇರೋದು ಯಾರ ಕೈ?"

ವೆಂಕಟರಮಣಪ್ಪನವರಿಗೆ ರೇಗಿಹೋಯಿತು. ಮೂವತ್ತು ವರ್ಷದಲ್ಲಿ ಊರಲ್ಲಿ ಒಬ್ಬರೂ ಆಡದ ಮಾತನ್ನು ಕಟ್ಟಿಕೊಂಡವಳೇ ಆಡುವುದೆಂದರೆ. ಕೂತು ಬೆರಳಿನಿಂದಲೇ ಚಿಪ್ಪಿನ ಸಾಲನ್ನು ಅಗೆದರು. ಒಂದು ಬೀಜ ಸಿಕ್ಕಿತು, ಬೆಳ್ಳಗೆ ಸುಟ್ಟ ಹಾಗಿತ್ತು. ಇನ್ನೊಂದು ಸಿಕ್ಕಿತು, ಅದೂ ಹಾಗೇ. ಮಣ್ಣನ್ನು ಮೂಗಿನ ಹತ್ತಿರ ಹಿಡಿದರು. ಬ್ಲೀಚಿಂಗ್ ಪೌಡರಿನ ಘಾಟು ಮೂಗಿಗೆ ಹೊಡೆಯಿತು.

ಹಿಂದಿನ ಬೆಳೆಯ ಗೂಡು ಮಾರಿ ಆಗಿತ್ತು. ಬೀಜ ಬಿತ್ತಿದ ಮಾರನೆಯ ದಿನ ಎಂದಿನಂತೆ ಹುಳುಮನೆಯನ್ನು ಬ್ಲೀಚಿಂಗ್ ಪೌಡರು, ಸುಣ್ಣ ಹಾಕಿ ತೊಳೆದಿದ್ದರು. ಆ ನೀರು ಯಾವಾಗಲೂ ಬಾಗಿಲ ಬಲಗಡೆಯ ತಗ್ಗಿಗೇ ಹರಿಯುವುದು. ಅಲ್ಲಿ ಹುಲ್ಲು ಕೂಡ ಬೆಳೆಯುವುದಿಲ್ಲ. ಹುಳು ಸಾಕುವ ಮನೆಯ ಎಳೆ ಹುಡುಗರಿಗೂ ಗೊತ್ತಿರುವ ವಿಷಯ.

"ಮನೆ ಕಟ್ಟಿದಾಗಿಂದ ಆ ನೀರು ಅಲ್ಲೇ ಹೋಗೋದು. ನಿಮಗೆ ಗೊತ್ತಿರ್ಲಿಲ್ವಾ?" ಎಂದರು ಅಕ್ಕಯಮ್ಮ.

"ಗೊತ್ತಿತ್ತು."

"ಮತ್ತೆ?"

"ಅವತ್ತು ತಲೇಲಿ ಇರ್ಲಿಲ್ಲ ಕಣೆ." ಅವರು ಅಂಗೈ ಕೊಡವಿಕೊಂಡು ಅದನ್ನೇ ನೋಡುತ್ತ ಕೂತರು. "ತಲೇಲಿ ಏನೂ ನಿಲ್ತಾ ಇಲ್ಲ. ಭಯ ಆಗ್ತದೆ. ಆ ಹುಡುಗ ಡಾಕ್ಟ್ರು ಇರೋದೆಲ್ಲ ಬಿಡಿಸಿ ಬಿಡಿಸಿ ಹೇಳ್ದ. ಆವಾಗಿಂದ ಅವನ ಬೀಜ ಹುಟ್ಟೋದೇ ಬೇಡ ಅನ್ನಿಸ್ತಿತ್ತೋ ಏನೋ."

ಅಕ್ಕಯಮ್ಮ ಪಕ್ಕದಲ್ಲಿ ಕೂತರು. "ಬೈರಣ್ಣನ ಮನೆಗೆ ಯಾಕೆ ಹೋಗಲ್ಲ ಅಂತೀರ?" ಎಂದರು.

"ಕ್ಯಾನ್ಸರ್ ಬಂದಿರೋ ಕೈ ಅಲ್ವೇನೆ ಇದು. ಇನ್ನೊಬ್ಬರ ಹುಳದ ಮೇಲೆ ಹೆಂಗೆ ಇಡ್ಲಿ? ಅವರ ಬೆಳೆ ಹೋದ್ರೆ? ನನ್ನ ಕೈಗುಣಾನೇ ಹೊರಟೋಗಿದ್ರೆ?"

ಇದನ್ನು ಅವರು ಯಾರ ಮುಂದೆಯೂ ಹೇಳಿರಲಿಲ್ಲ. ಅಕ್ಕಯಮ್ಮನವರಿಗೆ ಕಣ್ಣು ತುಂಬಿಬಂತು. ಆದರೆ ಅವರದು ಅತ್ತುಕೊಂಡೇ ಜಗಳ ಮಾಡುವ ಸ್ವಭಾವ.

"ಕ್ಯಾನ್ಸರ್ ಬಂದಿರೋದು ಕೈಗಲ್ಲ. ಎಲ್ಲಿಗೆ ಬಂದೈತೆ ಅಂತ ಆ ಡಾಕ್ಟ್ರು ಚಿತ್ರ ಬರೆದು ತೋರಿಸ್ಲಿಲ್ವಾ? ಕೈ ಎಲ್ಲೈತೆ, ಅದೆಲ್ಲೈತೆ. ಇನ್ನೊಂದು ಕೇಳ್ತೀನಿ. ಚಾಕಿ ತರೋಕೆ ಹೋದಾಗ ಒಂದು ಹುಳಾನೂ ಸಾಯಲ್ಲ, ನಾನೇ ಗ್ಯಾರಂಟಿ ಅನ್ನೋನ ಹತ್ರ ತರ್ತೀರೋ, ಇಂಥಿಂಥ ಕಡೆ ಹುಷಾರಾಗಿರ್ಬೇಕು ಅಂತ ಹೇಳೋನ ಹತ್ರ ತರ್ತೀರೋ?"

ಒಂದು ಹುಳವೂ ಸಾಯುವುದಿಲ್ಲ ಎಂದವನ ಬಾಗಿಲಿಗೆ ವೆಂಕಟರಮಣಪ್ಪ ಇನ್ನೊಮ್ಮೆ ಹೋದದ್ದೇ ಇಲ್ಲ.

"ಯಲಹಂಕದೋರೂ ಒಳ್ಳೇವ್ರೇ. ಅವರ ಹತ್ರಾನೇ ಮಾಡಿಸ್ಕೊಳ್ಳಿ, ನಂದೇನೂ ಅಡ್ಡಿ ಇಲ್ಲ," ಎಂದು ಅಕ್ಕಯಮ್ಮ ಮೂಗು ಒರೆಸಿಕೊಂಡರು. "ಆದ್ರೆ ಬ್ಲೀಚಿಂಗ್ ನೀರು ನೋಡಿ ಡಾಕ್ಟ್ರನ್ನ ಆರಿಸ್ಬೇಡಿ. ಮತ್ತೆ ಕೈಗುಣ ಕೈಗುಣ ಅಂತೀರಲ್ಲ, ಸೊಪ್ಪು ಕತ್ತರ್ಸಿ ನಿಮ್ಮ ಕೈಗೆ ಸುರಿಯೋಳು ಯಾರು? ಮೊದಲ ಕೈ ಯಾರದ್ದಾಯ್ತು ಹಂಗಾದ್ರೆ?"

ಇದನ್ನು ಮೂವತ್ತು ವರ್ಷದಿಂದ ಬಾಯಲ್ಲಿಟ್ಟುಕೊಂಡು ಕಾದಿದ್ದಳೇನೋ ಎನ್ನಿಸಿ ವೆಂಕಟರಮಣಪ್ಪನವರಿಗೆ ನಗು ಬಂತು. ಸುಮಾರು ದಿನಗಳ ಮೇಲೆ ಬಂದ ನಗು. ಅಂಜನ್ ಹಿಡಿದಿದ್ದ ಪೊಟ್ಟಣದಲ್ಲಿ ಉಳಿದಿದ್ದ ಬೀಜ ತಂದು, ಚಿಪ್ಪನ್ನು ಎತ್ತಿ ಕಲ್ಲಿನ ಪಕ್ಕಕ್ಕೇ ಇಟ್ಟು, ಒಳ್ಳೆ ಮಣ್ಣಿನಲ್ಲಿ ಇನ್ನೊಂದು ಸಾಲು ಹಾಕಿದರು.

ಭಾನುವಾರ ದಿವ್ಯ ಜಗಳಕ್ಕೆ ಸಿದ್ಧಳಾಗಿ ಬಂದರೆ, ಅಪ್ಪ ಬಿಳಿ ಪಂಚೆ ಉಟ್ಟು, ಸೋಮವಾರಕ್ಕೆ ಹೆಬ್ಬಾಳದ ಡಾಕ್ಟರನ್ನು ಇನ್ನೊಮ್ಮೆ ಕಾಣಬೇಕು, ಹೇಳಿಡು ಎಂದರು. ಅವಳು ಅಮ್ಮನ ಮುಖ ನೋಡಿದಳು. ಅಮ್ಮ ಏನೂ ಗೊತ್ತಿಲ್ಲದವರಂತೆ ರಾಗಿ ಕೇರುತ್ತಿದ್ದರು.

ಅಂಜನ್ ಮೊದಲು ಕೇಳಿದ್ದೇ ಬೀಜದ ವಿಷಯ. "ಹುಟ್ಟಿತಾ?"

"ಇಲ್ಲ. ತಪ್ಪು ನಂದು. ಬ್ಲೀಚಿಂಗ್ ನೀರು ಹರಿಯೋ ಕಡೆ ಹಾಕ್ಬಿಟ್ಟಿದ್ದೆ. ಮತ್ತೆ ಹಾಕಿದ್ದೀನಿ." ವೆಂಕಟರಮಣಪ್ಪ ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. "ಡಾಕ್ಟ್ರೇ, ಒಳಗಡೆ ನಿಮ್ಮ ಕೈ ತಾಗಲ್ಲ ಅಂದ್ರಿ. ಮೊದ್ಲು? ಮಿಷನ್ ಒಳಕ್ಕೋಗೋಕೆ ಮುಂಚೆ ಯಾರ ಕೈ ತಾಗೋದು?"

"ನನ್ನದೇ. ಆ ತೂತುಗಳನ್ನ ನಾನೇ ಕೈಯಲ್ಲಿ ಮಾಡ್ತೀನಿ. ಮಿಷನ್ನಿನ ತೋಳು ಜೋಡಿಸೋದು ಅದಾದ ಮೇಲೆ."

"ಬೇರೆ ಯಾರೂ ಅಲ್ಲ? ಕಲಿಯೋ ಹುಡುಗ್ರು?"

"ನಾನೇ."

ವೆಂಕಟರಮಣಪ್ಪ ಹಿಂದಕ್ಕೊರಗಿದರು. ಮೊದಲ ಹಿಡಿ ಸೊಪ್ಪು ಹಾಕುವುದು ಕೈಗುಣದವನು. ಮಿಕ್ಕ ದಿನವೆಲ್ಲ ಮೇಯಿಸುವುದು ಆಳುಕಾಳು. ಹಾಗಾದರೆ ಈ ರೋಬೋ ಅನ್ನುವುದು ಒಂದು ಆಳು. ಒಳ್ಳೆ ಆಳೇ, ನಡುಗುವುದಿಲ್ಲ, ನಡುವೆ ಬೀಡಿಗೆ ಎದ್ದು ಹೋಗುವುದಿಲ್ಲ. ಇಷ್ಟು ಸರಳವಾದ ವಿಷಯವನ್ನು ಮಗಳು ವಿಡಿಯೋ ತೋರಿಸುವ ಬದಲು ಬಿಡಿಸಿ ಹೇಳಬಾರದಿತ್ತೆ ಎಂದುಕೊಂಡರು.

"ಕರೆಂಟ್ ಹೋದ್ರೆ?"

"ಬ್ಯಾಟರಿ ಇದೆ, ಜನರೇಟರ್ ಇದೆ. ಅದೂ ಕೆಟ್ಟರೆ ಮಿಷನ್ ತೆಗೆದಿಟ್ಟು ಕೈಯಲ್ಲೇ ಮುಗಿಸ್ತೀನಿ. ಅದನ್ನೂ ಕಲಿತಿದ್ದೀನಿ."

"ಆಯ್ತು. ದಿನ ಗೊತ್ತು ಮಾಡಿ."

ದಿನ ಗೊತ್ತು ಮಾಡುವ ಕೌಂಟರಿನಲ್ಲಿ ಹರ್ಷಿತ ಎಂಬ ಹುಡುಗಿ ಕಂಪ್ಯೂಟರ್ ನೋಡಿ, ಡಾಕ್ಟರು ಹೇಳಿದ ವಾರದಲ್ಲಿ ಒಂದೇ ದಿನ ಖಾಲಿ ಇದೆ, ಅದು ಬಿಟ್ಟರೆ ಮೂರು ವಾರ ಮುಂದಕ್ಕೆ ಹೋಗುತ್ತದೆ ಎಂದಳು. ಮುಂದಕ್ಕೆ ಹೋಗುವುದು ಬೇಡ ಎಂದಳು ದಿವ್ಯ. ಖಾಲಿ ಇದ್ದ ದಿನ ಯಾವುದೆಂದು ನೋಡಿದರೆ ಆಷಾಢದ ಅಮಾವಾಸ್ಯೆ.

"ಅದಕ್ಕೇ ಖಾಲಿ ಇರೋದು ಸರ್. ಆ ಡೇಟು ಹೇಳಿದ್ರೆ ಎಲ್ಲರೂ ಬೇಡ ಅಂತಾರೆ," ಎಂದಳು ಹರ್ಷಿತ.

"ನಾನೂ ಬೇಡ ಅಂತೀನಿ," ಎಂದರು ವೆಂಕಟರಮಣಪ್ಪ. "ಅಮಾವಾಸ್ಯೆ ದಿನ ನಾವು ನೇಗಿಲೇ ಹೂಡಲ್ಲ. ಕತ್ತಿ ಹಿಡ್ಸೋದಾ?"

ದಿವ್ಯ ತಲೆ ಹಿಡಿದುಕೊಂಡಳು. ಡಾಕ್ಟರು ಸಿಕ್ಕಿ, ಆಪರೇಷನ್ ಸಿಕ್ಕಿ, ಕೊನೆಗೆ ಚಂದ್ರನಿಗೆ ಸಿಕ್ಕಿಕೊಂಡಿತಲ್ಲ ಎನ್ನಿಸಿತು. ಅಷ್ಟರಲ್ಲಿ ಅಕ್ಕಯಮ್ಮ ಕೌಂಟರಿಗೆ ಮೊಣಕೈಯೂರಿ ನಿಂತರು.

"ಬರ್ಕೊಳಮ್ಮ ಅದನ್ನೇ."

"ಲೇ ಇವ್ಳೆ."

"ಭೀಮನ ಅಮಾವಾಸ್ಯೆ ಅದು. ಊರಲ್ಲಿರೋ ಹೆಂಗಸರೆಲ್ಲ ಗಂಡ ಚೆನ್ನಾಗಿರ್ಲಿ ಅಂತ ಪಾದ ತೊಳೆದು ಪೂಜೆ ಮಾಡೋ ದಿನ. ಮಿಕ್ಕ ದಿನ ನಿಮಗೋಸ್ಕರ ಯಾರು ಕೈ ಮುಗೀತಾರೆ? ಅವತ್ತಾದ್ರೆ ದೇವರು ಬೇರೆ ಕೆಲಸ ಬಿಟ್ಟು ಗಂಡಂದಿರ ಲೆಕ್ಕಾನೇ ನೋಡ್ತಿರ್ತಾನೆ. ಇನ್ನು, ಬೇರೆ ಯಾರೂ ಬರಲ್ವಂತೆ, ಡಾಕ್ಟ್ರಿಗೂ ಅವಸರ ಇರಲ್ಲ."

ಹರ್ಷಿತ ನಗು ತಡೆದುಕೊಂಡು ವೆಂಕಟರಮಣಪ್ಪನವರ ಕಡೆ ನೋಡಿದಳು. ಅವರು ಮೇಲೆ ನೋಡಿದರು, ಕೆಳಗೆ ನೋಡಿದರು.

"ಪಾದ ಇಲ್ಲೇ ತೊಳೀತೀಯ?"

"ತೊಳೀತೀನಿ."

"ಬರ್ಕೊಳಮ್ಮ," ಎಂದರು.

ಆಸ್ಪತ್ರೆಗೆ ಸೇರಬೇಕಾದದ್ದು ಅಮಾವಾಸ್ಯೆಯ ಹಿಂದಿನ ದಿನ ಮಧ್ಯಾಹ್ನ. ಅವತ್ತು ಬೆಳಿಗ್ಗೆಯೇ ಬೈರಣ್ಣನ ಮನೆಗೆ ಚಾಕಿ ಬಂತು. ಬೈರಣ್ಣ ಬಾಯಿಬಿಟ್ಟು ಕರೆಯಲಿಲ್ಲ. ಬೇಲಿಯ ಹತ್ತಿರ ಬಂದು, ಕೆಮ್ಮಿ, ಸೊಪ್ಪು ಹೆಚ್ಚಾಯಿತು, ಹುಳು ಚೆನ್ನಾಗಿವೆ, ಹಾಗೆ ಹೀಗೆ ಎಂದು ಸುತ್ತಿ ಬಳಸಿ ಮಾತಾಡಿದ. ವೆಂಕಟರಮಣಪ್ಪ ಕಾಲು ತೊಳೆದುಕೊಂಡು, "ನಡಿಯೇ," ಎಂದು ಹೆಂಡತಿಯನ್ನು ಕರೆದರು.

ಬೈರಣ್ಣನ ಹುಳುಮನೆಯಲ್ಲಿ ತಂಪಿತ್ತು. ಅಕ್ಕಿಯ ಕಾಳಿನಷ್ಟಿದ್ದ ಹುಳುಗಳು ಜ್ವರ ಬಿಟ್ಟು, ಅಂದರೆ ಪೊರೆ ಕಳಚುವ ನಿದ್ದೆ ಮುಗಿಸಿ ಎದ್ದು, ತಲೆ ಎತ್ತಿ ಆ ಕಡೆ ಈ ಕಡೆ ಆಡಿಸುತ್ತಿದ್ದವು. ಅಕ್ಕಯಮ್ಮ ಎಳೆ ಸೊಪ್ಪನ್ನು ಕತ್ತರಿಸಿ, ಎಂದಿನಂತೆ ಎರಡು ಕೈಯಲ್ಲಿ ಎತ್ತಿ ಗಂಡನ ಅಂಗೈಗೆ ಸುರಿಯಲು ಬಂದರು. ವೆಂಕಟರಮಣಪ್ಪ ಅಂಗೈಯನ್ನು ಅವರ ಕೈಯ ಕೆಳಗೆ ಹಿಡಿದು ಹಾಗೇ ನಿಂತರು.

"ಹಾಕು."

"ನಿಮ್ಮ ಕೈಗೆ ತಾನೆ?"

"ಹುಳದ ಮೇಲೆ. ನಂದೂ ಇರ್ತದೆ, ಕೆಳಗೆ."

ಅಕ್ಕಯಮ್ಮ ಒಂದು ಗಳಿಗೆ ಬೈರಣ್ಣನನ್ನು ನೋಡಿದರು. ಬೈರಣ್ಣ ಕೈ ಮುಗಿದುಕೊಂಡು ನಿಂತಿದ್ದ. ಮೂವತ್ತು ವರ್ಷ ಸೊಪ್ಪು ಕತ್ತರಿಸಿದ ಕೈ ಮೊದಲ ಸಲ ಅದನ್ನು ತಾನೇ ಉದುರಿಸಿತು. ಎರಡೂ ಕೈಯ ಸಂದಿಯಿಂದ ಸೊಪ್ಪು ಸಣ್ಣಗೆ ಉದುರಿತು. ಆಚೆ ದಿವ್ಯ ಹಾರ್ನ್ ಹೊಡೆಯುವವರೆಗೂ ಇಬ್ಬರೂ ಹುಳುಗಳು ಮೇಲೇರಿ ಬರುವುದನ್ನು ನೋಡುತ್ತ ನಿಂತರು.

ಅಮಾವಾಸ್ಯೆಯ ಬೆಳಿಗ್ಗೆ ಆಸ್ಪತ್ರೆಯ ನರ್ಸು ರೂಮಿಗೆ ಬಂದಾಗ ಅಕ್ಕಯಮ್ಮ ಸ್ಟೀಲಿನ ಚೆಂಬು ಹಿಡಿದು ಮಂಚದ ಪಕ್ಕ ಕೂತಿದ್ದರು. ಹಸಿರು ಗೌನು ತೊಟ್ಟ ವೆಂಕಟರಮಣಪ್ಪ ಎರಡೂ ಕಾಲನ್ನು ಬಕೆಟ್ಟಿನೊಳಗೆ ಇಳಿಬಿಟ್ಟುಕೊಂಡು, ಮದುವೆಯ ಗಂಡಿನಂತೆ ಬಿಗುಮಾನದಿಂದ ಕೂತಿದ್ದರು. ಅರಿಶಿನ ಹಚ್ಚುವಂತಿಲ್ಲ ಎಂದು ನರ್ಸು ಹೇಳಿದಳು. ಹಾಗಾದರೆ ನೀರಷ್ಟೇ ಸಾಕು, ದೇವರಿಗೆ ಅರ್ಥವಾಗುತ್ತದೆ ಎಂದರು ಅಕ್ಕಯಮ್ಮ. ದಿವ್ಯ ಬಾಗಿಲ ಹೊರಗೆ ನಿಂತು ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು.

ಥಿಯೇಟರಿನ ಹೊರಗಿನ ಜಾಗದಲ್ಲಿ ತಳ್ಳುಮಂಚ ನಿಲ್ಲಿಸಿದರು. ಅಲ್ಲಿಂದಾಚೆಗೆ ಮನೆಯವರು ಬರುವ ಹಾಗಿಲ್ಲ. ಚಳಿ ಇತ್ತು. ಗಾಜಿನಾಚೆ ಬಿಳಿ ಪ್ಲಾಸ್ಟಿಕ್ ಹೊದ್ದುಕೊಂಡ ದೊಡ್ಡ ಮಿಷನ್ನಿನ ತೋಳುಗಳು ಕಾಣುತ್ತಿದ್ದವು. ವೆಂಕಟರಮಣಪ್ಪ ಹೊಸ ಸಾಲಿನ ಅವರೆ ಎರಡೆಲೆ ಬಿಟ್ಟಿದ್ದನ್ನು ನೆನೆದುಕೊಂಡರು, ಅಕ್ಕಯಮ್ಮನ ಒದ್ದೆ ಕೈಯನ್ನು ನೆನೆದುಕೊಂಡರು.

ಅಂಜನ್ ತಲೆಗೆ ಟೋಪಿ ಹಾಕಿಕೊಂಡು ಬಂದು ಪಕ್ಕದಲ್ಲಿ ನಿಂತರು. "ಹೇಗಿದ್ದೀರಿ?"

"ಭಯ ಐತೆ," ಎಂದರು ವೆಂಕಟರಮಣಪ್ಪ.

"ಇರಲಿ. ನನಗೂ ಪ್ರತಿ ಸಲ ಸ್ವಲ್ಪ ಇರುತ್ತೆ."

ವೆಂಕಟರಮಣಪ್ಪ ಅವರ ಮುಖವನ್ನು ದಿಟ್ಟಿಸಿ ನೋಡಿದರು. ಆಮೇಲೆ ಹೊದಿಕೆಯೊಳಗಿಂದ ಬಲಗೈ ತೆಗೆದರು.

"ಡಾಕ್ಟ್ರೇ, ಒಂದ್ನಿಮಿಷ ಕೈ ಚಾಚ್ತೀರಾ?"

"ಇವತ್ತೂ ಬೀಜ ತಂದಿದ್ದೀರಾ?"

"ಇಲ್ಲ. ಸುಮ್ನೆ."

ಅಂಜನ್ ಕೈ ಚಾಚಿದರು. ಗ್ಲೌಸು ಇನ್ನೂ ಹಾಕಿರಲಿಲ್ಲ. ವೆಂಕಟರಮಣಪ್ಪ ಆ ಕೈಯನ್ನು ತಮ್ಮ ಅಂಗೈಯಲ್ಲಿಟ್ಟುಕೊಂಡು, ಚಾಕಿ ಬಂದ ಮನೆಗಳಲ್ಲಿ ಮಾಡುತ್ತಿದ್ದ ಹಾಗೆ ಕಣ್ಣು ಮುಚ್ಚಿ, ಮೆಲ್ಲಗೆ ಒತ್ತಿ ಬಿಟ್ಟರು. ಡಾಕ್ಟರು ತಮ್ಮ ಕೈಯನ್ನು ಒಮ್ಮೆ ನೋಡಿಕೊಂಡು, ಕೈ ತೊಳೆಯಲು ಒಳಗಿನ ನಲ್ಲಿಯ ಕಡೆ ಹೊರಟವರು ಯಾಕೋ ತಡೆದು ನಿಂತರು.

"ತೊಳ್ಕೊಂಡೇ ಬನ್ನಿ ಡಾಕ್ಟ್ರೇ," ಎಂದರು ವೆಂಕಟರಮಣಪ್ಪ. "ಅದು ಹೋಗಲ್ಲ."